ಬ್ಯಾಗು ಗೆಳೆಯನದು, ಕೇಸು ಯಾರ ಮೇಲೆ? ಹದಿಹರೆಯದವರಿಗೆ ಡ್ರಗ್ಸ್ ಕಾನೂನು ತಿಳಿಸುವ ಬಗೆ

"ನಾನೇನೂ ಸೇದಿಲ್ಲ, ಅವನ ಬ್ಯಾಗು ನನ್ನ ರೂಮಲ್ಲಿತ್ತು ಅಷ್ಟೇ." ಠಾಣೆಗೆ ಓಡಿಬಂದ ಅಪ್ಪ-ಅಮ್ಮನ ಮುಂದೆ ಮಕ್ಕಳು ಆಡುವ ಮಾತು ಹೆಚ್ಚಾಗಿ ಇದೇ. ಅದು ನಿಜವೂ ಇರಬಹುದು. ಆದರೆ ಕಾನೂನಿನ ಲೆಕ್ಕದಲ್ಲಿ ಸೇದುವುದು ಒಂದು ಅಪರಾಧ, ಇಟ್ಟುಕೊಳ್ಳುವುದು ಬೇರೆಯೇ ಅಪರಾಧ. ವರ್ಷಗಟ್ಟಲೆ ಜೈಲಿಗೆ ಕಳಿಸುವುದು ಸೇದಿದ್ದಲ್ಲ, ಇಟ್ಟುಕೊಂಡಿದ್ದು.

ಪ್ರತಿ ಜೂನ್ 26ಕ್ಕೆ, ಮಾದಕ ವಸ್ತು ವಿರೋಧಿ ದಿನವೆಂದು, ಶಾಲೆ-ಕಾಲೇಜುಗಳಲ್ಲಿ ಜಾಥಾ ನಡೆಯುತ್ತದೆ, ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿಸುತ್ತಾರೆ. ಬೇಡ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಕಾನೂನಿನಲ್ಲಿ ಏನಿದೆ ಅನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ. ಪಿಯುಸಿ ಮುಗಿಸಿ ಊರು ಬಿಟ್ಟು ಪಿಜಿ ಸೇರುವ ಹುಡುಗ ಹುಡುಗಿಯರಿಗೆ ಬೇಕಾಗಿರುವುದು ಈ ಎರಡನೆಯದು. ಪೋಷಕರು, ಉಪನ್ಯಾಸಕರು, ಹಾಸ್ಟೆಲ್ ವಾರ್ಡನ್‌ಗಳು ಅದನ್ನು ಮೊದಲು ತಾವು ತಿಳಿದು, ಆಮೇಲೆ ಅವರಿಗೆ ಹೇಳುವಂತೆ ಇಲ್ಲಿ ಬಿಡಿಸಿಟ್ಟಿದೆ.

ಯಾವುದು ‘ಡ್ರಗ್ಸ್’, ಯಾವುದು ಅಲ್ಲ

ದೇಶಕ್ಕೆಲ್ಲ ಅನ್ವಯವಾಗುವ ಕಾಯ್ದೆ ಒಂದೇ: ಮಾದಕ ದ್ರವ್ಯಗಳು ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆ, 1985. ಕೋರ್ಟಿನಲ್ಲಿ, ಠಾಣೆಯಲ್ಲಿ, ಪತ್ರಿಕೆಯಲ್ಲಿ ಎಲ್ಲರೂ ಎನ್‌ಡಿಪಿಎಸ್ ಎಂದೇ ಕರೆಯುತ್ತಾರೆ. ಅದಕ್ಕೂ ಮೊದಲು ಅಫೀಮಿಗೆ ಬ್ರಿಟಿಷರ ಕಾಲದ ಕಾಯ್ದೆಗಳಿದ್ದವು. ಗಾಂಜಾ ಹಲವು ರಾಜ್ಯಗಳಲ್ಲಿ ಲೈಸೆನ್ಸ್ ಪಡೆದ ಅಂಗಡಿಯಲ್ಲೇ ಸಿಗುತ್ತಿತ್ತು. 1961ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿತ್ತು. ಔಷಧವಲ್ಲದ ಗಾಂಜಾ ಬಳಕೆಯನ್ನು ನಿಲ್ಲಿಸಲು ಆ ಒಪ್ಪಂದ 25 ವರ್ಷಗಳ ಕಾಲಾವಕಾಶ ಕೊಟ್ಟಿತ್ತು. ಗಡುವು ಹತ್ತಿರ ಬಂದಾಗ ಹುಟ್ಟಿದ್ದೇ 1985ರ ಕಾಯ್ದೆ. ಆ ವರ್ಷದ ನವೆಂಬರ್ 14ರಂದು ಅದು ಜಾರಿಗೆ ಬಂತು.

ಇದರ 8ನೇ ಸೆಕ್ಷನ್ ಓದಿದರೆ ಕಾನೂನಿನ ಹರಹು ಗೊತ್ತಾಗುತ್ತದೆ. ಬೆಳೆಯುವುದು, ತಯಾರಿಸುವುದು, ಇಟ್ಟುಕೊಳ್ಳುವುದು, ಮಾರುವುದು, ಕೊಳ್ಳುವುದು, ಸಾಗಿಸುವುದು, ದಾಸ್ತಾನು ಮಾಡುವುದು, ಬಳಸುವುದು, ಸೇವಿಸುವುದು ಎಲ್ಲವೂ ನಿಷಿದ್ಧ. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಮಾತ್ರ, ಅದೂ ನಿಯಮದ ಪ್ರಕಾರ, ವಿನಾಯಿತಿ ಇದೆ.

ಗಾಂಜಾ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಕಾನೂನಿನಲ್ಲಿ ಗಾಂಜಾ ಎಂದರೆ ಆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ಅದರ ಅಂಟಿನಿಂದ ಮಾಡಿದ್ದು ಚರಸ್. ತುದಿ ಸೇರದೆ ಬರೀ ಎಲೆ, ಬರೀ ಬೀಜ ಇದ್ದರೆ ಅದು ‘ಗಾಂಜಾ’ ವ್ಯಾಖ್ಯೆಯೊಳಗೆ ಬರುವುದಿಲ್ಲ. ಎಲೆಯಿಂದ ಮಾಡುವ ಭಂಗಿ ಹೀಗೆ ಕೇಂದ್ರದ ಕಾಯ್ದೆಯಿಂದ ಹೊರಗೆ ಉಳಿದಿದೆ. 2022ರಲ್ಲಿ ಒಂದು ಜಾಮೀನು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನೇ ಎತ್ತಿ ಹೇಳಿತು. ಹಾಗೆಂದು ಭಂಗಿ ಮುಕ್ತ ಎಂದುಕೊಳ್ಳುವಂತಿಲ್ಲ, ಅದಕ್ಕೆ ರಾಜ್ಯದ ಅಬಕಾರಿ ಕಾನೂನು ಇದೆ. ಗಿಡ ಬೆಳೆಸುವುದಂತೂ ಪೂರ್ತಿ ಬೇರೆ ಮಾತು. ಅಡಿಕೆ ತೋಟದಲ್ಲಾಗಲಿ, ಮೆಕ್ಕೆಜೋಳದ ಸಾಲಿನ ನಡುವೆಯಾಗಲಿ, ಅಪಾರ್ಟ್‌ಮೆಂಟಿನ ಬಾಲ್ಕನಿಯ ಕುಂಡದಲ್ಲಾಗಲಿ ಲೈಸೆನ್ಸ್ ಇಲ್ಲದೆ ಬೆಳೆದರೆ 10 ವರ್ಷದವರೆಗೆ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ. ಕುಂಡ ಒಂದೇ ಇತ್ತು ಎಂದರೆ ಸೆಕ್ಷನ್ ಬದಲಾಗುವುದಿಲ್ಲ. ಜಮೀನಿನ ಒಡೆಯನಿಗೆ ಇನ್ನೊಂದು ಹೊಣೆಯೂ ಇದೆ: ತನ್ನ ನೆಲದಲ್ಲಿ ಯಾರೋ ಬೆಳೆದಿದ್ದು ಗೊತ್ತಾದರೆ ತಕ್ಷಣ ಪೊಲೀಸರಿಗೆ ಅಥವಾ ಸಂಬಂಧಪಟ್ಟ ಅಧಿಕಾರಿಗೆ ತಿಳಿಸಬೇಕು.

ಪುಡಿ, ಸೊಪ್ಪು ಮಾತ್ರ ಡ್ರಗ್ಸ್ ಎಂಬ ಕಲ್ಪನೆಯನ್ನು ಮಕ್ಕಳ ತಲೆಯಿಂದ ಮೊದಲು ತೆಗೆಯಬೇಕು. ಮೆಡಿಕಲ್ ಶಾಪಿನ ಮಾತ್ರೆಗಳೂ ಈ ಕಾಯ್ದೆಯೊಳಗೆ ಇವೆ. ನಿದ್ರೆಗೆ, ಆತಂಕಕ್ಕೆ ಬರೆಯುವ ಆಲ್‌ಪ್ರಜೋಲಾಂ, ಡಯಾಜಿಪಾಂ, ನೈಟ್ರಜಿಪಾಂ ಪಟ್ಟಿಯಲ್ಲಿವೆ. ನೋವಿಗೆ ಕೊಡುವ ಟ್ರಮಡಾಲ್ 2018ರಲ್ಲಿ ಸೇರಿತು. ಡಾಕ್ಟರ ಚೀಟಿ ಇದ್ದವರಿಗೆ ಅದು ಔಷಧ. ಚೀಟಿಯಿಲ್ಲದೆ ಪರೀಕ್ಷೆಯ ಹಿಂದಿನ ರಾತ್ರಿ ರೂಮ್‌ಮೇಟ್‌ನಿಂದ ಇಸಿದುಕೊಂಡ ಎರಡು ಮಾತ್ರೆ ಕಾನೂನಿನ ಪ್ರಕಾರ ಇನ್ನೇನೋ ಆಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಪಂಕ್ಚರ್ ಹಾಕುವ ಸೊಲ್ಯೂಷನ್, ವೈಟ್ನರ್, ಥಿನ್ನರ್ ಈ ಪಟ್ಟಿಯಲ್ಲಿಲ್ಲ. ಆದರೆ ಚಿಕ್ಕ ಮಕ್ಕಳಿಗೆ ತಕ್ಷಣದ ಪ್ರಾಣಾಪಾಯ ಹೆಚ್ಚಿರುವುದು ಇವುಗಳಲ್ಲೇ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು ಬಳಕೆ ಕಂಡುಬಂದಿದ್ದು ಹೀಗೆ ಮೂಸುವ ವಸ್ತುಗಳದು ಮಾತ್ರ: ದೊಡ್ಡವರಲ್ಲಿ ಶೇ 0.58, ಮಕ್ಕಳಲ್ಲಿ ಶೇ 1.17. ಕಾನೂನಿನ ಪಟ್ಟಿಯೂ ಅಪಾಯದ ಪಟ್ಟಿಯೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಮಕ್ಕಳಿಗೆ ಮುಚ್ಚಿಟ್ಟರೆ ಅವರೇ ಪತ್ತೆ ಮಾಡುತ್ತಾರೆ, ಆಮೇಲೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಎಲ್ಲವೂ ತೂಕದ ಮೇಲೆ

1985ರ ಮೂಲ ಕಾಯ್ದೆಯಲ್ಲಿ ಹೆಚ್ಚಿನ ಅಪರಾಧಗಳಿಗೆ ಕನಿಷ್ಠ ಶಿಕ್ಷೆಯೇ 10 ವರ್ಷ ಇತ್ತು. ಸಣ್ಣ ಪೊಟ್ಟಣದವನೂ ಲಾರಿ ತುಂಬಿದವನೂ ಒಂದೇ ತಕ್ಕಡಿಯಲ್ಲಿ ಬೀಳುತ್ತಿದ್ದರು. 2001ರ ತಿದ್ದುಪಡಿ ಅದನ್ನು ಬದಲಿಸಿ ಮೂರು ಮೆಟ್ಟಿಲು ಮಾಡಿತು: ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ, ಇವೆರಡರ ನಡುವಿನದು. ಯಾವ ವಸ್ತುವಿಗೆ ಎಷ್ಟು ಎಂಬುದನ್ನು ಕೇಂದ್ರ ಸರ್ಕಾರದ ಅಧಿಸೂಚನೆ ಹೇಳುತ್ತದೆ. ಸಾಮಾನ್ಯವಾಗಿ ಕೇಳಿಬರುವ ಕೆಲವು ಇಲ್ಲಿವೆ. ಮೊದಲನೆಯ ಅಂಕಿ ಅಲ್ಪ ಪ್ರಮಾಣದ ಮಿತಿ, ಎರಡನೆಯದರಿಂದಾಚೆ ವಾಣಿಜ್ಯ:

ಗಾಂಜಾ: 1 ಕೆಜಿ, 20 ಕೆಜಿ
ಚರಸ್: 100 ಗ್ರಾಂ, 1 ಕೆಜಿ
ಅಫೀಮು: 25 ಗ್ರಾಂ, 2.5 ಕೆಜಿ
ಹೆರಾಯಿನ್: 5 ಗ್ರಾಂ, 250 ಗ್ರಾಂ
ಕೊಕೇನ್: 2 ಗ್ರಾಂ, 100 ಗ್ರಾಂ
ಮೆಥಾಂಫೆಟಮೈನ್ (ಉತ್ತೇಜಕ ಡ್ರಗ್): 2 ಗ್ರಾಂ, 50 ಗ್ರಾಂ
ಎಂಡಿಎಂಎ (ಪಾರ್ಟಿಗಳಲ್ಲಿ ಓಡಾಡುವ ಪುಡಿ, ಮಾತ್ರೆ): ಅರ್ಧ ಗ್ರಾಂ, 10 ಗ್ರಾಂ
ಎಲ್‌ಎಸ್‌ಡಿ (ಭ್ರಮೆ ಹುಟ್ಟಿಸುವ ಡ್ರಗ್): 2 ಮಿಲಿಗ್ರಾಂ, 100 ಮಿಲಿಗ್ರಾಂ

ಅಲ್ಪ ಪ್ರಮಾಣಕ್ಕೆ 1 ವರ್ಷದವರೆಗೆ ಕಠಿಣ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಡುವಿನದಕ್ಕೆ 10 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠವೇ 10 ವರ್ಷ, ಗರಿಷ್ಠ 20. ದಂಡ 1ರಿಂದ 2 ಲಕ್ಷ. ಕೆಳಗಿನ ಎರಡು ಮೆಟ್ಟಿಲಲ್ಲಿ ನ್ಯಾಯಾಧೀಶರಿಗೆ ಕಡಿಮೆ ಶಿಕ್ಷೆ ಕೊಡುವ ಸ್ವಾತಂತ್ರ್ಯವಿದೆ. ಮೇಲಿನ ಮೆಟ್ಟಿಲಲ್ಲಿ 10 ವರ್ಷಕ್ಕಿಂತ ಕಡಿಮೆ ಕೊಡುವಂತಿಲ್ಲ.

ಈ ಪಟ್ಟಿಯನ್ನು ತಪ್ಪಾಗಿ ಓದುವವರೇ ಹೆಚ್ಚು. "ಒಂದು ಕೆಜಿ ಒಳಗಿದ್ರೆ ಏನೂ ಆಗಲ್ಲ" ಎಂಬ ಮಾತು ಹಾಸ್ಟೆಲ್‌ಗಳಲ್ಲಿ ಓಡಾಡುತ್ತಿರುತ್ತದೆ. 1 ಕೆಜಿ ಎಂಬುದು ಅನುಮತಿಯ ಮಿತಿಯಲ್ಲ, ಶಿಕ್ಷೆಯ ಮೊದಲ ಮೆಟ್ಟಿಲಿನ ಮಿತಿ. 5 ಗ್ರಾಂ ಗಾಂಜಾ ಜೇಬಲ್ಲಿದ್ದರೂ ಅಪರಾಧವೇ, ಬಂಧಿಸುವ ಅಧಿಕಾರವೂ ಪೊಲೀಸರಿಗಿದೆ. ಸ್ವಂತಕ್ಕೆ ಇಟ್ಟುಕೊಂಡಿದ್ದೆ ಎಂಬ ವಾದದಿಂದ ಈ ಅಪರಾಧ ಅಳಿಸಿಹೋಗುವುದಿಲ್ಲ.

ಎರಡನೆಯ ತಪ್ಪು ತಿಳಿವಳಿಕೆ ಶುದ್ಧತೆಯ ಬಗ್ಗೆ. ಬೀದಿಯಲ್ಲಿ ಸಿಗುವ ಪುಡಿಯಲ್ಲಿ ಅಸಲು ಡ್ರಗ್ ಎಷ್ಟಿದೆಯೋ, ಬೆರೆಸಿದ ಗ್ಲೂಕೋಸ್, ಮಾತ್ರೆ ಪುಡಿ, ಇನ್ನೇನೇನು ಎಷ್ಟಿದೆಯೋ ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡಿ ದರ ಕಟ್ಟುತ್ತಾರೆ. ಈ ಕಾನೂನು ಫ್ಯಾಟ್ ನೋಡುವುದಿಲ್ಲ, ಕ್ಯಾನಿನಲ್ಲಿರುವ ಅಷ್ಟೂ ಲೀಟರ್ ಲೆಕ್ಕ ಹಾಕುತ್ತದೆ. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು: ಬೆರಕೆಯ ತೂಕವೂ ಸೇರಿ ಒಟ್ಟು ತೂಕವೇ ಲೆಕ್ಕ. ಹಾಗಾಗಿ 12 ಗ್ರಾಂ ಪುಡಿಯಲ್ಲಿ ಎಂಡಿಎಂಎ ಇರುವುದು 3 ಗ್ರಾಂ ಮಾತ್ರವಾದರೂ ಕೇಸು ವಾಣಿಜ್ಯ ಪ್ರಮಾಣದ್ದು. ಗಾಂಜಾದಲ್ಲಿ 12 ಗ್ರಾಂ ಎಂದರೆ ಕೆಳಗಿನ ಮೆಟ್ಟಿಲು, ಎಂಡಿಎಂಎಯಲ್ಲಿ ಅದೇ 12 ಗ್ರಾಂ 10 ವರ್ಷ. ಪಾರ್ಟಿಗೆ ಹೋಗುವ ಹುಡುಗರಿಗೆ ಹೇಳಲೇಬೇಕಾದ ಲೆಕ್ಕ ಇದೊಂದೇ ಎಂದರೂ ಸರಿ.

ಸೇವನೆ ಮಾತ್ರ ಸಾಬೀತಾದರೆ 27ನೇ ಸೆಕ್ಷನ್. ಕೊಕೇನ್, ಮಾರ್ಫಿನ್, ಹೆರಾಯಿನ್ ಮತ್ತು ಸರ್ಕಾರ ಗೊತ್ತುಪಡಿಸಿದ ಇನ್ನು ಕೆಲವಕ್ಕೆ 1 ವರ್ಷದವರೆಗೆ ಸಜೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಉಳಿದವಕ್ಕೆ 6 ತಿಂಗಳು, 10,000 ರೂಪಾಯಿ.

ಐದು ಜನ, ಒಂದು ರೂಮು, ಒಂದು ಯುಪಿಐ

ಕಾಲೇಜು ಹುಡುಗರು ಸಿಕ್ಕಿಕೊಳ್ಳುವುದು ಮಾರಾಟ ಮಾಡಿ ಅಲ್ಲ, ಜೊತೆಯಾಗಿ ತರಿಸಿ. ಹಾಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ಹಂತಹಂತವಾಗಿ ನೋಡೋಣ. ಪಿಜಿಯೊಂದರಲ್ಲಿ ಐವರು. ವಾರಾಂತ್ಯಕ್ಕೆಂದು ನಾಲ್ವರು ತಲಾ 600 ರೂಪಾಯಿಯನ್ನು ಐದನೆಯವನ ಫೋನಿಗೆ ಕಳಿಸುತ್ತಾರೆ. ಅವನು ಬೈಕಿನಲ್ಲಿ ಹೋಗಿ 50 ಗ್ರಾಂ ಗಾಂಜಾ ತರುತ್ತಾನೆ. ಬೈಕು ಇನ್ನೊಬ್ಬನದು, ರೂಮು ಮತ್ತೊಬ್ಬನ ಹೆಸರಲ್ಲಿದೆ.

ತಂದವನ ಮೇಲೆ ಕೊಳ್ಳುವಿಕೆ, ಹೊಂದಿರುವಿಕೆ, ಸಾಗಣೆ ಮೂರೂ ಬರುತ್ತವೆ. ಅವನು ಒಂದು ರೂಪಾಯಿ ಲಾಭ ಇಟ್ಟುಕೊಂಡಿಲ್ಲ ನಿಜ. ಆದರೆ ಅವನ ಖಾತೆಗೆ ನಾಲ್ಕು ಕಡೆಯಿಂದ ಒಂದೇ ಮೊತ್ತ ಬಂದು, ಅರ್ಧ ಗಂಟೆಯಲ್ಲಿ ಇನ್ನೊಂದು ನಂಬರಿಗೆ ಹೋಗಿದೆ. ಸ್ಟೇಟ್‌ಮೆಂಟ್ ನೋಡುವ ತನಿಖಾಧಿಕಾರಿಗೆ ಅದು ಪೆಡ್ಲರ್‌ನ, ಅಂದರೆ ಡ್ರಗ್ಸ್ ಮಾರುವವನ, ಖಾತೆಯಂತೆಯೇ ಕಾಣುತ್ತದೆ. ಹಣ ಕಳಿಸಿದವರ ಮೇಲೆ 29ನೇ ಸೆಕ್ಷನ್, ಅಂದರೆ ಕುಮ್ಮಕ್ಕು ಮತ್ತು ಒಳಸಂಚು, ಹಾಕಲು ದಾರಿಯಿದೆ. ಇದರ ಶಿಕ್ಷೆ ಮೂಲ ಅಪರಾಧದ್ದೇ, ಕಡಿಮೆಯಲ್ಲ. "ಮಚ್ಚಾ 600 ಹಾಕಿದೀನಿ, ಒಳ್ಳೆ ಮಾಲ್ ತಗೊ" ಎಂಬ ವಾಟ್ಸ್ಆ್ಯಪ್ ಸಾಲು ಸಾಕ್ಷ್ಯದ ಕಡತಕ್ಕೆ ಸೇರುತ್ತದೆ. ಇದಕ್ಕಿಂತ ಭಾರವಾದ 27ಎ, ಅಂದರೆ ಅಕ್ರಮ ಸಾಗಣೆಗೆ ಹಣಕಾಸು ಒದಗಿಸುವ ಆರೋಪ, ಇಂಥ ಚಿಲ್ಲರೆ ವ್ಯವಹಾರಕ್ಕೆ ತಾನಾಗಿ ಅನ್ವಯಿಸುವುದಿಲ್ಲ ಎಂಬ ಅರ್ಥದಲ್ಲಿ 2020ರಲ್ಲಿ ಬಾಂಬೆ ಹೈಕೋರ್ಟ್ ಒಂದು ಜಾಮೀನು ಆದೇಶ ಕೊಟ್ಟಿದೆ. ಆದರೆ ಅದು ಕೋರ್ಟಿನಲ್ಲಿ ವಾದ ಮಾಡಿ ಪಡೆಯುವ ಪರಿಹಾರ, ಠಾಣೆಯ ಬಾಗಿಲಲ್ಲಿ ಸಿಗುವಂಥದ್ದಲ್ಲ.

ರೂಮು ಯಾರ ಹೆಸರಲ್ಲಿದೆಯೋ ಅವನಿಗೆ, ಬೈಕಿನ ಒಡೆಯನಿಗೆ 25ನೇ ಸೆಕ್ಷನ್. ಮನೆ, ಕೊಠಡಿ, ವಾಹನವನ್ನು ಗೊತ್ತಿದ್ದೂ ಇಂಥ ಕೆಲಸಕ್ಕೆ ಬಿಟ್ಟುಕೊಟ್ಟರೆ ಅಪರಾಧ. ಇಲ್ಲಿ ತೂಕವಿರುವ ಮಾತು ‘ಗೊತ್ತಿದ್ದೂ’ ಎಂಬುದು. ನಿಜಕ್ಕೂ ಗೊತ್ತಿಲ್ಲದವನು ಅಪರಾಧಿಯಲ್ಲ. ಗೊತ್ತಿರಲಿಲ್ಲ ಎಂದು ತೋರಿಸುವ ಹೊರೆಯೇ ತೊಂದರೆ. ಏಕೆಂದರೆ ಈ ಕಾಯ್ದೆಯ 35 ಮತ್ತು 54ನೇ ಸೆಕ್ಷನ್‌ಗಳು ಮಾಮೂಲಿ ಕ್ರಿಮಿನಲ್ ಕಾನೂನನ್ನು ತಲೆಕೆಳಗು ಮಾಡಿವೆ. ವಸ್ತು ನಿಮ್ಮ ವಶದಲ್ಲಿತ್ತು ಎಂದು ಪ್ರಾಸಿಕ್ಯೂಷನ್ ಮೊದಲು ಸಾಬೀತು ಮಾಡಬೇಕು. ಅಷ್ಟಾದ ಮೇಲೆ ನಿಮಗೆ ತಿಳಿದೇ ಇತ್ತು ಎಂದು ಕೋರ್ಟ್ ಭಾವಿಸುತ್ತದೆ, ತಿಳಿದಿರಲಿಲ್ಲ ಎಂದು ತೋರಿಸಬೇಕಾದವರು ನೀವು. ಗೆಳೆಯ ಇಟ್ಟುಹೋದ ಬ್ಯಾಗಿನ ಕಷ್ಟವೆಲ್ಲ ಇರುವುದು ಇಲ್ಲೇ.

ಮೇಲಿನ ಉದಾಹರಣೆಯಲ್ಲಿ 50 ಗ್ರಾಂ ಗಾಂಜಾ ಇದ್ದುದರಿಂದ ಐವರಿಗೂ ಗರಿಷ್ಠ 1 ವರ್ಷದ ಮೆಟ್ಟಿಲು. ಐದನೆಯವನ ಬ್ಯಾಗಿನ ಒಳಜೇಬಿನಲ್ಲಿ ಬೇರೆ ಯಾರಿಗೋ ತಂದ 11 ಗ್ರಾಂ ಎಂಡಿಎಂಎಯೂ ಇದ್ದರೆ? ಉಳಿದ ನಾಲ್ವರು ಅದು ತಮಗೆ ಸಂಬಂಧಿಸಿದ್ದಲ್ಲ ಎಂದು ವಾದಿಸಬೇಕು. ಅಲ್ಲಿಯವರೆಗೆ ಜಾಮೀನು ಸಿಗುವುದೇ ದುಸ್ತರ. ವಾಣಿಜ್ಯ ಪ್ರಮಾಣದ ಕೇಸಿನಲ್ಲಿ ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಹೊರಬಂದರೆ ಮತ್ತೆ ಅಪರಾಧ ಮಾಡಲಾರ ಎಂದು ಜಡ್ಜ್‌ಗೆ ಮನವರಿಕೆಯಾದರೆ ಮಾತ್ರ ಜಾಮೀನು ಎನ್ನುತ್ತದೆ 37ನೇ ಸೆಕ್ಷನ್. ಚಾರ್ಜ್‌ಶೀಟ್‌ಗೆ 180 ದಿನ ಸಮಯವಿದೆ, ಕೋರ್ಟ್ ಅದನ್ನು 1 ವರ್ಷದವರೆಗೂ ವಿಸ್ತರಿಸಬಹುದು. ಎರಡು ಸೆಮಿಸ್ಟರ್ ಅಲ್ಲಿಗೇ ಮುಗಿದವು.

ತಪಾಸಣೆ ಹೇಗೆ ನಡೆಯಬೇಕು

ಕಾನೂನು ಕಠಿಣವಾದಷ್ಟೂ ಅದರ ವಿಧಾನವನ್ನು ಬಿಗಿಯಾಗಿ ಪಾಲಿಸಬೇಕು ಎಂಬುದು ಸುಪ್ರೀಂ ಕೋರ್ಟಿನ ನಿಲುವು. ಮೈ ತಪಾಸಣೆಗೆ ಮೊದಲು, ಹತ್ತಿರದ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಬೇಕೆಂದು ಕೇಳುವ ಹಕ್ಕು ನಿಮಗಿದೆ ಎಂದು ಅಧಿಕಾರಿ ತಿಳಿಸಲೇಬೇಕು. ಇದು 50ನೇ ಸೆಕ್ಷನ್. 1999ರ ಬಲದೇವ್ ಸಿಂಗ್ ತೀರ್ಪಿನಲ್ಲಿ ಸಂವಿಧಾನ ಪೀಠ ಇದನ್ನು ಒತ್ತಿ ಹೇಳಿದೆ. ಹೆಣ್ಣುಮಕ್ಕಳ ಮೈ ತಪಾಸಣೆಯನ್ನು ಮಹಿಳೆಯೇ ಮಾಡಬೇಕು. ಆದರೆ ಈ ರಕ್ಷಣೆ ಮೈಗೆ ಮಾತ್ರ. ಕೈಯಲ್ಲಿರುವ ಬ್ಯಾಗು, ಬೈಕಿನ ಡಿಕ್ಕಿಗೆ ಇದು ಅನ್ವಯಿಸುವುದಿಲ್ಲ. ಅರ್ಧ ಓದಿಕೊಂಡು ರಸ್ತೆಯಲ್ಲಿ ವಾದಕ್ಕಿಳಿಯುವ ಹುಡುಗರು ಎಡವುವುದು ಈ ಜಾಗದಲ್ಲಿ.

ಬಂಧಿಸಿದರೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಧಿಕಾರಿಗಳ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನೇ ಹಿಡಿದು ಶಿಕ್ಷೆ ಕೊಡುವಂತಿಲ್ಲ ಎಂದು 2020ರ ತೋಫಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಕ್ಕಳಿಗೆ ಹೇಳಬೇಕಾದ ಕ್ರಮ ಸರಳ: ಓಡಬೇಡಿ, ತಳ್ಳಾಡಬೇಡಿ, ಹೆಸರು ವಿಳಾಸ ಸರಿಯಾಗಿ ಹೇಳಿ, ಮನೆಗೆ ಫೋನ್ ಮಾಡಲು ಕೇಳಿ, ಓದದೆ ಸಹಿ ಹಾಕಬೇಡಿ. ಮಹಜರಿನಲ್ಲಿ ಬರೆದ ತೂಕವನ್ನು ಓದಿ ನೋಡುವುದು ಮುಖ್ಯ, ಮುಂದಿನದೆಲ್ಲ ಆ ಅಂಕಿಯ ಮೇಲೆ ನಿಂತಿರುತ್ತದೆ. ಗಾಂಜಾ ಪ್ರಕರಣಗಳಲ್ಲಿ ಕಾಂಡ, ಎಲೆ, ಬೇರು ಎಲ್ಲ ಸೇರಿಸಿ ತೂಗಿದ್ದಾರೆ ಎಂಬ ವಾದ ಹೈಕೋರ್ಟುಗಳಲ್ಲಿ ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ.

18 ತುಂಬದವರಿಗೆ ಬೇರೆ ದಾರಿ

ಕೃತ್ಯ ನಡೆದ ದಿನ 18 ತುಂಬಿರದಿದ್ದರೆ ಬಾಲನ್ಯಾಯ ಕಾಯ್ದೆ, 2015 ಅನ್ವಯಿಸುತ್ತದೆ. ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು, ಹೆಸರು ಫೋಟೊ ಪ್ರಕಟಿಸುವಂತಿಲ್ಲ. ಮಂಡಳಿ ಆಪ್ತಸಮಾಲೋಚನೆ, ಸಮುದಾಯ ಸೇವೆ, ಪೋಷಕರ ಜವಾಬ್ದಾರಿಯಲ್ಲಿ ಬಿಡುಗಡೆಯಂಥ ಆದೇಶ ಕೊಡಬಹುದು. ಆ ದಾಖಲೆ ಮುಂದೆ ಕೆಲಸಕ್ಕೋ ಓದಿಗೋ ಅನರ್ಹತೆಯಾಗುವುದಿಲ್ಲ. ಇದಕ್ಕೊಂದು ಅಪವಾದ ಇದೆ. ಕನಿಷ್ಠ ಶಿಕ್ಷೆ 7 ವರ್ಷ ಅಥವಾ ಹೆಚ್ಚಿರುವುದು ಘೋರ ಅಪರಾಧ; ವಾಣಿಜ್ಯ ಪ್ರಮಾಣದ ಡ್ರಗ್ಸ್ ಕೇಸು ಇದರೊಳಗೆ ಬರುತ್ತದೆ. 16 ತುಂಬಿದವರನ್ನು ಅಂಥ ಕೇಸಿನಲ್ಲಿ ವಯಸ್ಕರಂತೆ ವಿಚಾರಣೆ ಮಾಡಬಹುದೇ ಎಂದು ಮಂಡಳಿ ಪರಿಶೀಲಿಸಬಹುದು.

ಇದೇ ಕಾಯ್ದೆ ದೊಡ್ಡವರಿಗೂ ಬಿಸಿ ಮುಟ್ಟಿಸುತ್ತದೆ. ಮಕ್ಕಳಿಗೆ ಮಾದಕ ವಸ್ತು, ಮದ್ಯ, ತಂಬಾಕು ಕೊಟ್ಟರೆ, ಅಥವಾ ಮಕ್ಕಳ ಕೈಲಿ ಡ್ರಗ್ಸ್ ಸಾಗಿಸಿದರೆ, ಮಾರಿಸಿದರೆ 7 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. "ಈ ಕವರ್ ಅಲ್ಲಿ ಕೊಟ್ಟು ಬಾ, 500 ಕೊಡ್ತೀನಿ" ಎನ್ನುವವನಿಗೆ, ಮಕ್ಕಳಿಗೆ ಶಿಕ್ಷೆ ಕಡಿಮೆ ಎಂಬ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ತಮ್ಮನ್ನು ಬಳಸಿಕೊಳ್ಳುವುದು ಈ ಲೆಕ್ಕದಿಂದಲೇ ಎಂಬುದು ಮಕ್ಕಳಿಗೂ ಗೊತ್ತಿರಬೇಕು.

‘ನನ್ನ ದೇಹ, ನನ್ನ ಇಷ್ಟ’ ಎಂಬ ಪ್ರಶ್ನೆ

ತರಗತಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಬರದಿದ್ದರೆ ಪಾಠ ಸರಿಯಾಗಿ ನಡೆದಿಲ್ಲ ಎಂದೇ ಅರ್ಥ. ಮದ್ಯಕ್ಕೆ, ಸಿಗರೇಟಿಗೆ ವಯಸ್ಸಿನ ಮಿತಿ ಇದೆ. ದಾಟಿದ ಮೇಲೆ ಕಾನೂನು ವ್ಯಕ್ತಿಯ ಇಷ್ಟಕ್ಕೆ ಬಿಡುತ್ತದೆ. ಗಾಂಜಾಕ್ಕೆ ಅಂಥ ವಯಸ್ಸೇ ಇಲ್ಲ. 40ರ ಗೃಹಸ್ಥ ತನ್ನ ಮನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸೇದಿದರೂ 27ನೇ ಸೆಕ್ಷನ್ ಅನ್ವಯಿಸುತ್ತದೆ. ಸಂವಿಧಾನದ 47ನೇ ವಿಧಿ ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯ ಮತ್ತು ದ್ರವ್ಯಗಳನ್ನು ಔಷಧೋಪಯೋಗ ಬಿಟ್ಟು ನಿಷೇಧಿಸಲು ಸರ್ಕಾರ ಯತ್ನಿಸಬೇಕು ಎನ್ನುತ್ತದೆ. ಇನ್ನೊಂದು ಬದಿಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದ ಸುಪ್ರೀಂ ಕೋರ್ಟಿನ 2017ರ ತೀರ್ಪು ಇದೆ. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ದೇಹ ಮತ್ತು ಮನಸ್ಸಿನ ಮೇಲೆ ವ್ಯಕ್ತಿಗೆ ಹಕ್ಕಿದೆ ಎಂದು ಆ ತೀರ್ಪು ಒಪ್ಪುತ್ತದೆ, ಆದರೆ ಆ ಹಕ್ಕು ಮಿತಿಯಿಲ್ಲದ್ದಲ್ಲ ಎಂದೂ ಹೇಳುತ್ತದೆ. 27ನೇ ಸೆಕ್ಷನ್ ಇನ್ನೂ ಜಾರಿಯಲ್ಲಿದೆ.

ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ಪೋರ್ಚುಗಲ್ 2001ರಿಂದ ಸ್ವಂತ ಬಳಕೆಯ ಸಣ್ಣ ಪ್ರಮಾಣವನ್ನು ಜೈಲಿನ ವಿಷಯವಾಗಿ ಉಳಿಸದೆ ಸಮಾಲೋಚನಾ ಸಮಿತಿಗೆ ಕಳಿಸುತ್ತದೆ. ಮಾರಾಟ ಅಲ್ಲೂ ಅಪರಾಧವೇ. ಕೆನಡಾ 2018ರ ಅಕ್ಟೋಬರ್‌ನಿಂದ ಗಾಂಜಾ ಮಾರಾಟವನ್ನೇ ಕಾನೂನುಬದ್ಧ ಮಾಡಿತು. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ದ್ರವ್ಯ ಆಯೋಗ 27-25 ಮತಗಳಿಂದ ಗಾಂಜಾವನ್ನು 1961ರ ಒಪ್ಪಂದದ ಅತ್ಯಂತ ಬಿಗಿಯಾದ ನಾಲ್ಕನೇ ಪಟ್ಟಿಯಿಂದ ತೆಗೆಯಿತು. ಭಾರತವೂ ತೆಗೆಯುವುದರ ಪರ ಮತ ಹಾಕಿತು. "ವಿಶ್ವಸಂಸ್ಥೆಯೇ ಲೀಗಲ್ ಮಾಡಿದೆ" ಎಂಬ ರೀಲ್ಸ್ ಮಾತಿನ ಮೂಲ ಇದು. ಆದರೆ ಮೊದಲ ಪಟ್ಟಿಯಲ್ಲಿ ಗಾಂಜಾ ಹಾಗೇ ಇದೆ, ನಿಯಂತ್ರಣವೂ ಇದೆ.

ಕಾನೂನು ಬದಲಾಗಬೇಕು ಎಂದು ಹೇಳುವುದು, ಬರೆಯುವುದು, ಶಾಸಕರನ್ನು ಕೇಳುವುದು ಅಪರಾಧವಲ್ಲ, ಅದು ವಾಕ್ ಸ್ವಾತಂತ್ರ್ಯ. ಆ ವಾದ ಮಾಡುವ ವಿದ್ಯಾರ್ಥಿಯನ್ನು ಅನುಮಾನದಿಂದ ನೋಡುವ ಮೇಷ್ಟ್ರು ಅವನನ್ನು ಅಲ್ಲೇ ಕಳೆದುಕೊಳ್ಳುತ್ತಾರೆ.

ಹೊರದೇಶಕ್ಕೆ ಹೋಗುವವರಿಗೆ

ಎನ್‌ಡಿಪಿಎಸ್ ಕಾಯ್ದೆ ಭಾರತದ ಹೊರಗಿರುವ ಭಾರತೀಯ ಪ್ರಜೆಗಳಿಗೂ ಅನ್ವಯಿಸುತ್ತದೆ ಎಂದು ಅದರ ಮೊದಲ ಸೆಕ್ಷನ್ನೇ ಹೇಳುತ್ತದೆ. ದಿನನಿತ್ಯದ ಅಪಾಯ ಇರುವುದು ಗಡಿ ದಾಟುವಾಗ. ಟೊರಾಂಟೊದಲ್ಲಿ ಬಿಲ್ ಸಮೇತ ಕೊಂಡ ಗಾಂಜಾ ಮಿಠಾಯಿ ಸೂಟ್‌ಕೇಸಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದರೆ ಅದು ಆಮದು. ಅಮೆರಿಕದ ಹಲವು ರಾಜ್ಯಗಳಲ್ಲಿ ಅಂಗಡಿಯಲ್ಲೇ ಸಿಗುತ್ತದೆ, ಆದರೆ ಅಲ್ಲಿನ ಕೇಂದ್ರ ಕಾನೂನು ಒಪ್ಪಿಲ್ಲ. ವೀಸಾ ನೋಡುವುದು ಕೇಂದ್ರ. ಅಧಿಕಾರಿಯ ಮುಂದೆ ಬಳಕೆ ಒಪ್ಪಿಕೊಂಡದ್ದೇ ಪ್ರವೇಶ ನಿರಾಕರಣೆಗೆ ಕಾರಣವಾಗಬಹುದು. ಸಿಂಗಪುರದಲ್ಲಿ 500 ಗ್ರಾಂಗಿಂತ ಹೆಚ್ಚು ಗಾಂಜಾ, 15 ಗ್ರಾಂಗಿಂತ ಹೆಚ್ಚು ಶುದ್ಧ ಹೆರಾಯಿನ್ ಸಾಗಿಸಿದರೆ ಮರಣದಂಡನೆ ಇದೆ. ಕೊಲ್ಲಿ ದೇಶಗಳಿಗೆ ಹೋಗುವ ನಮ್ಮ ಕರಾವಳಿಯ ಹುಡುಗರಿಗೆ ಒಂದು ಮಾತು ಬಿಡದೆ ಹೇಳಿ: ಬೇರೆಯವರ ಪಾರ್ಸೆಲ್ ಬಿಚ್ಚಿ ನೋಡದೆ ಒಯ್ಯಬೇಡಿ, ಅದರಲ್ಲಿ ಉಪ್ಪಿನಕಾಯಿಯೇ ಇದೆ ಎಂದು ಎಷ್ಟೇ ಆಣೆ ಮಾಡಲಿ. ಸ್ವಂತದ ನಿದ್ರೆ ಮಾತ್ರೆ, ನೋವಿನ ಮಾತ್ರೆ ಇದ್ದರೂ ಚೀಟಿ ಜೊತೆಗಿರಲಿ. ಆ ದೇಶದಲ್ಲಿ ಮುಂಗಡ ಅನುಮತಿ ಬೇಕೇ ಎಂದು ನೋಡಿಕೊಳ್ಳಿ.

ಪಾಠ ಹೇಗೆ ಮಾಡುವುದು

ಭಾಷಣ ಮಾಡಿದರೆ ಕೆಲಸವಾಗುವುದಿಲ್ಲ. ವಿಶ್ವಸಂಸ್ಥೆಯ ಮಾದಕ ದ್ರವ್ಯ ಕಚೇರಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ, ಹೆದರಿಸುವ ಪಾಠ, ಮಾಜಿ ವ್ಯಸನಿಯ ಕಥೆ, ಮಾಹಿತಿ ಮಾತ್ರ ಕೊಡುವ ಉಪನ್ಯಾಸ ಇವು ಬಳಕೆಯನ್ನು ತಗ್ಗಿಸಿದ್ದು ಕಂಡಿಲ್ಲ. ನಮ್ಮ ಬಹುತೇಕ ಜಾಗೃತಿ ಕಾರ್ಯಕ್ರಮಗಳಲ್ಲಿ ಇರುವುದು ಇವು ಮೂರೇ ಎಂಬುದು ಬೇರೆ ಮಾತು. ತರಬೇತಿ ಪಡೆದವರು ವಾರಕ್ಕೊಮ್ಮೆಯಂತೆ ಸರಣಿಯಾಗಿ, ಮಕ್ಕಳನ್ನು ಮಾತಾಡಿಸುತ್ತ ನಡೆಸುವ ತರಗತಿಗಳಿಂದ ಫಲ ಕಂಡಿದೆ.

ಒಂದು ವಾರ ಮೊದಲೇ ಪ್ರಶ್ನೆ ಪೆಟ್ಟಿಗೆ ಇಡಿ. ಹೆಸರು ಬರೆಯುವುದು ಬೇಡ. ಎಲ್ಲರೂ ಒಂದು ಚೀಟಿ ಹಾಕಲೇಬೇಕು, ಪ್ರಶ್ನೆ ಇಲ್ಲದವರು ‘ಇಲ್ಲ’ ಎಂದು ಬರೆದು ಹಾಕಲಿ. ಹಾಗಾದಾಗ ಯಾರು ಕೇಳಿದರು ಎಂದು ಯಾರಿಗೂ ತಿಳಿಯುವುದಿಲ್ಲ. 40 ಮಕ್ಕಳಿದ್ದರೆ ಐದೈದು ಜನರ ಎಂಟು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಸನ್ನಿವೇಶ ಕೊಡಿ: ಬೈಕ್ ಕೇಳುವ ಗೆಳೆಯ, ಯುಪಿಐಗೆ ಹಣ ಹಾಕಿಸಿಕೊಳ್ಳಲು ಹೇಳುವ ಸೀನಿಯರ್, ಕೋಣೆಯ ಬೀಗದ ಕೈ ಕೇಳುವ ರೂಮ್‌ಮೇಟ್. ಕೇಳಬೇಕಾದ ಪ್ರಶ್ನೆ "ಇದು ಸರಿಯೇ?" ಎಂದಲ್ಲ, "ಇಲ್ಲಿ ಯಾರ ಮೇಲೆ ಯಾವ ಸೆಕ್ಷನ್ ಬರಬಹುದು, ಯಾವ ಘಳಿಗೆಯಲ್ಲಿ ಹೊರಗೆ ಬರಬಹುದಿತ್ತು?" ಎಂದು. ಆಮೇಲೆ ನಿರಾಕರಿಸುವ ಮಾತನ್ನು ಬಾಯಿಬಿಟ್ಟು ಆಡಿಸಿ. "ನನ್ನ ಫೋನಿಂದ ಬೇಡ ಮಚ್ಚಾ." "ನಿನ್ನ ಬ್ಯಾಗು ನೀನೇ ಇಟ್ಕೊ, ನನ್ನ ರೂಮಲ್ಲಿ ಬೇಡ." "ನಾನು ಹೊರಟೆ, ಬೆಳಿಗ್ಗೆ ಸಿಗೋಣ." ಮಾತು ಚಿಕ್ಕದಿರಬೇಕು, ಕಾರಣ ಕೊಡಬಾರದು. ಕಾರಣ ಕೊಟ್ಟರೆ ಎದುರಿನವನು ಆ ಕಾರಣದ ಜೊತೆ ಜಗಳಕ್ಕೆ ನಿಲ್ಲುತ್ತಾನೆ.

"ಎಲ್ಲರೂ ಮಾಡ್ತಾರೆ" ಎಂಬುದಕ್ಕೆ ಅಂಕಿಯಲ್ಲಿ ಉತ್ತರ ಕೊಡಿ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಹಿಂದಿನ 12 ತಿಂಗಳಲ್ಲಿ ಭಂಗಿ, ಗಾಂಜಾ, ಚರಸ್ ಯಾವುದನ್ನಾದರೂ ಬಳಸಿದವರು ಶೇ 2.8, ಗಾಂಜಾ ಮತ್ತು ಚರಸ್ ಮಾತ್ರ ನೋಡಿದರೆ ಶೇ 1.2. ಮಾಡದೇ ಇರಬೇಕಾದವೂ ಕೆಲವಿವೆ. ಯಾರು ಬಳಸಿದ್ದೀರಿ ಕೈ ಎತ್ತಿ ಎಂದು ಕೇಳಬೇಡಿ. ಮಾದರಿ ತೋರಿಸಬೇಡಿ, ಹೇಗೆ ಬಳಸುತ್ತಾರೆ, ಎಲ್ಲಿ ಸಿಗುತ್ತದೆ ಎಂದು ವಿವರಿಸಬೇಡಿ. ಯಾರಾದರೂ ಗುಟ್ಟಾಗಿ ಹೇಳಿಕೊಂಡರೆ ಯಾವುದನ್ನು ನಿಮ್ಮಲ್ಲೇ ಇಟ್ಟುಕೊಳ್ಳುತ್ತೀರಿ, ಯಾವುದನ್ನು ಸಮಾಲೋಚಕರಿಗೆ ತಿಳಿಸಬೇಕಾಗುತ್ತದೆ ಎಂಬುದನ್ನು ಮೊದಲ ದಿನವೇ ಹೇಳಿಬಿಡಿ.

ಆಗಲೇ ಸಿಕ್ಕಿಕೊಂಡವರಿಗೆ

ಈ ಕಠಿಣ ಕಾಯ್ದೆಯೊಳಗೇ ಒಂದು ಬಾಗಿಲಿದೆ, ಹೆಚ್ಚಿನವರಿಗೆ ಗೊತ್ತಿಲ್ಲ: 64ಎ ಸೆಕ್ಷನ್. ವ್ಯಸನಕ್ಕೆ ಬಿದ್ದವರ ಮೇಲೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸು ಇದ್ದು, ಅವರು ತಾವಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪಡೆದರೆ ಆ ಕೇಸಿನಲ್ಲಿ ವಿಚಾರಣೆಗೆ ಗುರಿಯಾಗುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹಿಂದಕ್ಕೆ ಹೋಗಬಹುದು. ವಕೀಲರಿಗೆ ಮೊದಲ ದಿನವೇ ಇದನ್ನು ನೆನಪಿಸಿ, ದಾಖಲಾತಿ ಪತ್ರ ಮತ್ತು ಡಾಕ್ಟರ ಪ್ರಮಾಣಪತ್ರ ಜೋಪಾನ ಮಾಡಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಜಿಲ್ಲಾಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲೂ ತೋರಿಸಬಹುದು. ಫೋನಿನಲ್ಲಿ ಮಾತಾಡಬೇಕೆಂದರೆ ವ್ಯಸನಮುಕ್ತಿಗೆ 14446, ಮಾನಸಿಕ ಆರೋಗ್ಯದ ಟೆಲಿಮನಸ್‌ಗೆ 14416, ಮಕ್ಕಳಿಗೆ 1098. ಖಾಸಗಿ ಕೇಂದ್ರಕ್ಕೆ ಸೇರಿಸುವಾಗ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ ಎಂದು ಕೇಳಿ. ಸರಪಳಿ ಹಾಕಿ ಕೂಡಿಹಾಕುವುದು ಮಾನಸಿಕ ಆರೋಗ್ಯ ಕಾಯ್ದೆ, 2017ರ ಪ್ರಕಾರ ನಿಷಿದ್ಧ. ಮನೆಯಲ್ಲೇ ಒಂದೇ ಸಲಕ್ಕೆ ನಿಲ್ಲಿಸಿಬಿಡುತ್ತೇವೆ ಎಂಬ ಹಟವೂ ಬೇಡ. ತಿಂಗಳುಗಟ್ಟಲೆ ನಿದ್ರೆ ಮಾತ್ರೆ ಅಥವಾ ವಿಪರೀತ ಮದ್ಯ ತೆಗೆದುಕೊಂಡವರು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ.

ಯಾರಾದರೂ ಅಲುಗಾಡಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿದ್ದರೆ 108ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗೆ ಸಿಕ್ಕಿಕೊಳ್ಳದಿರಲಿ. ಉಸಿರು ನಿಂತಿದ್ದರೆ ಆಂಬುಲೆನ್ಸ್‌ನವರು ಫೋನಿನಲ್ಲಿ ಹೇಳಿದಂತೆ ಎದೆ ಒತ್ತಲು ಶುರುಮಾಡಿ. ಮೈ ಕೆಂಡದಂತೆ ಸುಡುತ್ತಿದ್ದು ಬಡಬಡಿಸುತ್ತಿದ್ದರೆ ಗಾಳಿಯಾಡುವ ಕಡೆ ತಂದು, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಎಂದು ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ಬಿಟ್ಟು ಓಡಬೇಡಿ. ಏನು ತೆಗೆದುಕೊಂಡರು, ಎಷ್ಟು, ಎಷ್ಟು ಹೊತ್ತಾಯಿತು, ಜೊತೆಗೆ ಕುಡಿದಿದ್ದರೇ ಎಂಬುದನ್ನು ಡಾಕ್ಟರಿಗೆ ಇದ್ದದ್ದು ಇದ್ದಂತೆ ಹೇಳಿ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು; ಆ ಕೇಸಿಗೆ 64ಎ ಇದೆ, ವಕೀಲರಿದ್ದಾರೆ, ಜಾಮೀನಿದೆ. ನಿಂತ ಉಸಿರಿಗೆ ಇರುವುದು ಕೆಲವೇ ನಿಮಿಷ.